ಮೂಗು ಬೇಡ, ಬೆಟ್ಟ ಸಾಕು

ಸೂಜಿ-ದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಗೋಡೆಗೆ ತೂಗುಹಾಕುವ ಚಿತ್ರದ ಕೌದಿಯನ್ನು ಮದುವೆಯ ಉಡುಗೊರೆಯಾಗಿ ಕೊಡಬೇಕೆಂದು ಬರೆದವರು ಈ ಸಲ ಹಲವರಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಬಿಟ್ಟು ಕೆಲವನ್ನು ಆರಿಸಿಕೊಂಡಿದ್ದೇನೆ. ಮೊದಲನೆಯ ಉತ್ತರ ಉದ್ದವಾಗಿದೆ. ಉಳಿದವರು ಮುನಿಸಿಕೊಳ್ಳಬೇಡಿ, ನಿಮಗೆ ಬೇಕಾದದ್ದರಲ್ಲಿ ಅರ್ಧ ಅದರಲ್ಲೇ ಇದೆ.

ಪ್ರಶ್ನೆ: ಮೇಡಂ, ನಮ್ಮ ಅಣ್ಣನ ಮಗಳಿಗೆ ಇನ್ನು ನಾಲ್ಕು ತಿಂಗಳಲ್ಲಿ ಮದುವೆ. ಹುಡುಗ, ಹುಡುಗಿ ಇಬ್ಬರಿಗೂ ಚಾರಣದ ಹುಚ್ಚು. ಪರಿಚಯವಾದದ್ದೂ ಬೆಟ್ಟ ಹತ್ತುವಾಗಲೇ. ಆ ಬೆಟ್ಟ, ಕೆಳಗೊಂದು ಕೆರೆ, ದೊಡ್ಡ ಮರ, ಮರದಡಿಯಲ್ಲಿ ಅವರಿಬ್ಬರು, ಮೇಲೆ ಹಕ್ಕಿಗಳು, ಮೂಲೆಯಲ್ಲಿ ಮದುವೆಯ ದಿನಾಂಕ, ಇಷ್ಟನ್ನೂ ಬಟ್ಟೆಯಲ್ಲಿ ಕೂರಿಸಿ ಕೌದಿ ಹೊಲಿಯುವ ಆಸೆ ನನಗೆ. ಮುಖಗಳು ಅವರವೇ ಎಂದು ನೋಡಿದವರಿಗೆ ಗೊತ್ತಾಗಬೇಕು. ರವಿಕೆ, ಪರದೆ ಹೊಲಿದು ಅಭ್ಯಾಸವಿದೆ. ಕೌದಿ ಇದೇ ಮೊದಲು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮುಖಗಳನ್ನು ಕೈಬಿಡುವುದರಿಂದ. ಬೇಸರವಾಯಿತೇ? ಲೆಕ್ಕ ಹಾಕಿ ನೋಡಿ. ಎರಡೂವರೆ ಅಡಿ ಎತ್ತರದ ಚಿತ್ರದಲ್ಲಿ ಬೆಟ್ಟ, ಕೆರೆ, ಮರ ಎಲ್ಲಕ್ಕೂ ಜಾಗ ಕೊಟ್ಟ ಮೇಲೆ ಮನುಷ್ಯರ ಪಾಲಿಗೆ ಉಳಿಯುವುದು ಐದಾರು ಅಂಗುಲ. ಅದರಲ್ಲಿ ಮುಖ ಮುಕ್ಕಾಲು ಅಂಗುಲ. ಅಷ್ಟರಲ್ಲಿ ಮೂಗೆಂದರೆ ಎರಡು ಹೊಲಿಗೆ. ಎರಡನೆಯದು ಒಂದು ಎಳೆ ಆಚೆಗೆ ಬಿದ್ದರೂ ಮದುಮಗ ಸಿಟ್ಟಿನಲ್ಲಿದ್ದಂತೆ ಕಾಣುತ್ತಾನೆ. ಮೇಲಾಗಿ ಗೋಡೆಯ ಕೌದಿಯನ್ನು ಯಾರೂ ತೊಡೆಯ ಮೇಲಿಟ್ಟುಕೊಂಡು ನೋಡುವುದಿಲ್ಲ, ಕೋಣೆಯ ಇನ್ನೊಂದು ತುದಿಯಿಂದ ನೋಡುತ್ತಾರೆ. ಎಂಟು ಹತ್ತು ಅಡಿ ದೂರಕ್ಕೆ ಮೂಗು ಕಾಣುವುದಿಲ್ಲ, ನಿಂತ ಭಂಗಿ ಕಾಣುತ್ತದೆ.

ಹಾಗಾಗಿ ಇಬ್ಬರನ್ನೂ ನಮ್ಮ ಕಡೆಗೆ ಬೆನ್ನು ಮಾಡಿ, ಬೆಟ್ಟದ ಕಡೆ ನೋಡುತ್ತಿರುವಂತೆ ನಿಲ್ಲಿಸಿ. ಒಬ್ಬರು ಇನ್ನೊಬ್ಬರಿಗಿಂತ ಎಷ್ಟು ಎತ್ತರ, ಯಾರು ಚೀಲವನ್ನು ಒಂದೇ ಭುಜಕ್ಕೆ ಹಾಕಿಕೊಳ್ಳುತ್ತಾರೆ, ಹುಡುಗಿ ಕೂದಲನ್ನು ಹೇಗೆ ಕಟ್ಟುತ್ತಾಳೆ, ಯಾರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ಇಷ್ಟನ್ನು ಸರಿಯಾಗಿ ಹಿಡಿದರೆ ಮನೆಮಂದಿಯೆಲ್ಲ ಗುರುತಿಸುತ್ತಾರೆ. ನಿಮಗೆ ಧೈರ್ಯ ಬರಲೆಂದು ಒಬ್ಬರ ವಿಷಯ ಹೇಳುತ್ತೇನೆ. ಹ್ಯಾರಿಯಟ್ ಪವರ್ಸ್ ಎಂಬಾಕೆ ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಅವರು ಹೊಲಿದ ಎರಡು ಚಿತ್ರ ಕೌದಿಗಳು ಉಳಿದಿವೆ: ಒಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ, ಇನ್ನೊಂದು ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ. ಬೈಬಲ್ಲಿನ ಕಥೆಗಳ ಜೊತೆಗೆ ತಾನು ಹುಟ್ಟುವ ಮೊದಲೇ, 1833ರ ನವೆಂಬರಿನಲ್ಲಿ, ಸುರಿದ ಉಲ್ಕಾಪಾತವನ್ನೂ ಅವರು ಎರಡನೆಯ ಕೌದಿಯಲ್ಲಿ ತಂದಿದ್ದಾರೆ. ಎಲ್ಲವೂ ಕತ್ತರಿಸಿ ಕೂರಿಸಿದ ಸರಳ ಆಕೃತಿಗಳು. ಮೇಲೆತ್ತಿದ ಕೈ, ಚಾಚಿದ ತೋಳು, ಹತ್ತಿರ ಬಂದ ಪ್ರಾಣಿ, ಇವುಗಳಲ್ಲೇ ಕಥೆಯೆಲ್ಲ ನಡೆಯುತ್ತದೆ.

ಇನ್ನು ದಿನಾಂಕ. ಚಿತ್ರದ ಮೂಲೆಯಲ್ಲಿ ದಿನಾಂಕ ಬರೆದರೆ ಅದು ಪ್ರಮಾಣಪತ್ರದಂತೆ ಕಾಣುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿಂಬದಿಗೆ ಒಂದು ಬಿಳಿ ಬಟ್ಟೆಯ ಚೀಟಿ ಹೊಲಿದು ಅವರ ಹೆಸರು, ದಿನಾಂಕ, ನಿಮ್ಮ ಹೆಸರು ಎಲ್ಲವನ್ನೂ ಅಲ್ಲಿ ಹಾಕಿ. ಹಕ್ಕಿಗಳು ಎರಡೇ ಇರಲಿ, ಅಥವಾ ಬೇಡವೇ ಬೇಡ.

ಅಗಲ ಎರಡು ಅಡಿ, ಎತ್ತರ ಎರಡೂವರೆ ಅಡಿ ಸಾಕು. ಇದಕ್ಕಿಂತ ದೊಡ್ಡದಾದರೆ ಹೊಸ ಮನೆಯಲ್ಲಿ ಅದಕ್ಕೆ ಗೋಡೆ ಸಿಗುತ್ತದೆಯೋ ಇಲ್ಲವೋ. ಪೂರ್ಣ ಅಳತೆಯ ಕಾಗದದ ಮೇಲೆ ಚಿತ್ರವನ್ನು ದಪ್ಪ ಗೆರೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸಿ, ಕೆಲವು ದಿನ ಓಡಾಡುತ್ತಾ ನೋಡಿ. ಕಣ್ಣಿಗೆ ತೊಡಕಾಗುವ ವಿವರಗಳನ್ನೆಲ್ಲ ಅಳಿಸಿ. ಬಟ್ಟೆ ತೆಗೆಯುವುದು ಆಮೇಲೆ.

ಬಟ್ಟೆಯ ಆಯ್ಕೆಯಲ್ಲಿ ಹೊಸಬರು ಬಣ್ಣ ನೋಡುತ್ತಾರೆ. ನೋಡಬೇಕಾದದ್ದು ಯಾವುದು ಗಾಢ, ಯಾವುದು ತಿಳಿ ಎಂಬುದನ್ನು. ಹಸಿರು ಬೆಟ್ಟದ ಮುಂದೆ ಕೆಂಪು ಅಂಗಿ ಹತ್ತಿರದಿಂದ ಎದ್ದು ಕಾಣಬಹುದು, ಆದರೆ ಎರಡೂ ಒಂದೇ ಮಟ್ಟದ ಗಾಢವಾಗಿದ್ದರೆ ದೂರದಿಂದ ಒಂದರೊಳಗೊಂದು ಕರಗಿ ಹೋಗುತ್ತವೆ. ತುಣುಕುಗಳನ್ನು ಜೋಡಿಸಿಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಅದರಲ್ಲಿ ಅವರಿಬ್ಬರು ಕಾಣದಿದ್ದರೆ ಅಂಗಿಯ ಬಟ್ಟೆ ಬದಲಾಯಿಸಿ. ದೂರದ ಬೆಟ್ಟಕ್ಕೆ ತಿಳಿಯಾದ, ನೀಲಿಗೆ ತಿರುಗಿದ ಬಟ್ಟೆ. ಹತ್ತಿರ ಬಂದಂತೆ ಗಾಢ. ದೊಡ್ಡ ಹೂವಿನ ಅಚ್ಚು ಬೇಡ. ಸಣ್ಣ ಅಚ್ಚಿನ ಅಥವಾ ಒಂದೇ ಬಣ್ಣದ ಹತ್ತಿ ಬಟ್ಟೆ ಒಳ್ಳೆಯದು. ಕತ್ತರಿಸುವ ಮುನ್ನ ಎಲ್ಲವನ್ನೂ ಒಗೆದು ಇಸ್ತ್ರಿ ಮಾಡಿ. ಕೆಂಪು, ಕಡುನೀಲಿಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಇಳಿದರೆ ಆ ಬಟ್ಟೆಯನ್ನು ಪಕ್ಕಕ್ಕಿಡಿ, ಎಷ್ಟೇ ಚೆಂದವಿರಲಿ.

ಕೂರಿಸುವಾಗ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ: ಆಕಾಶ, ಬೆಟ್ಟ, ಕೆರೆ, ದಡ, ಮರ, ಮನುಷ್ಯರು. ಹಿಂದಿನ ತುಣುಕು ಮುಂದಿನದರ ಅಡಿಗೆ ಅರ್ಧ ಅಂಗುಲ ನುಗ್ಗಿರಲಿ. ಕೈಯಲ್ಲಿ ಅಂಚು ಮಡಚಿ ಹೊಲಿಯುವುದಾದರೆ ಸುತ್ತ ಕಾಲು ಅಂಗುಲ ಬಿಟ್ಟು ಕತ್ತರಿಸಿ. ಒಳಗೆ ಬಾಗಿದ ತಿರುವುಗಳಲ್ಲಿ ಮಾತ್ರ ಸಣ್ಣ ಕಚ್ಚು ಕೊಡಿ, ಉಬ್ಬಿದ ತಿರುವಿಗೆ ಕಚ್ಚು ಬೇಡ. ಮರದ ಕೊಂಬೆಗಳಿಗೆ ರವಿಕೆಯ ಪೈಪಿಂಗಿಗೆ ಕತ್ತರಿಸುವಂತೆ ಕ್ರಾಸ್ ಪಟ್ಟಿ ತೆಗೆದುಕೊಂಡರೆ ಹೇಳಿದಂತೆ ಬಾಗುತ್ತದೆ. ಇಲ್ಲಿ ನಿಮ್ಮ ಹಳೆಯ ಅಭ್ಯಾಸ ಕೈಹಿಡಿಯುತ್ತದೆ. ಇಸ್ತ್ರಿಯ ಬಿಸಿಗೆ ಎರಡೂ ಬದಿ ಅಂಟುವ ಫ್ಯೂಸಿಂಗ್ ಹಾಳೆ ಬಳಸುವುದಾದರೆ ಕೆಲಸ ಬೇಗ ಸಾಗುತ್ತದೆ, ಆದರೆ ಹಾಳೆಯ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಎಡಗಡೆಯ ಮರ ಬಲಕ್ಕೆ ಬಂದು ನಿಲ್ಲುತ್ತದೆ.

ಇಷ್ಟಾದಾಗ ಚಿತ್ರ ಮುಗಿಯಿತು ಎನಿಸುತ್ತದೆ. ಮುಗಿದಿರುವುದಿಲ್ಲ, ಮುಗಿದಿರುವುದು ಅರ್ಧ ಮಾತ್ರ. ಹಿಂಬದಿಯ ಬಟ್ಟೆ, ನಡುವೆ ವ್ಯಾಡಿಂಗ್ ಎನ್ನುವ ತೆಳುವಾದ ಹತ್ತಿಯ ಹಾಸು, ಮೇಲೆ ಚಿತ್ರ, ಈ ಮೂರನ್ನೂ ಸೇರಿಸಿ ಹೊಲಿಯುವ ಕೆಲಸವೇ ಕೌದಿ. ಇನ್ನರ್ಧ ಚಿತ್ರವನ್ನು ಬಿಡಿಸುವುದು ಆ ದಾರ. ದಟ್ಟವಾಗಿ ಹೊಲಿದ ಜಾಗ ಒಳಗೆ ಕೂರುತ್ತದೆ, ಹೊಲಿಯದೆ ಬಿಟ್ಟ ಜಾಗ ಉಬ್ಬಿ ಮುಂದೆ ಬರುತ್ತದೆ. ನೆರಳು ಬೆಳಕು ಹುಟ್ಟುವುದು ಇದರಿಂದಲೇ. ಆಕಾಶಕ್ಕೆ ಅರ್ಧ ಅಂಗುಲ ಅಂತರದಲ್ಲಿ ಉದ್ದಕ್ಕೂ ಅಡ್ಡ ಸಾಲುಗಳನ್ನು ಎಳೆಯಿರಿ, ಅದು ಹಿಂದಕ್ಕೆ ಸರಿಯುತ್ತದೆ. ಬೆಟ್ಟಕ್ಕೆ ಅದರ ಇಳಿಜಾರಿನ ಗುಂಟ ಗೆರೆಗಳು. ಕೆರೆಗೆ ಅಲೆಯ ಗೆರೆಗಳು, ದಡದ ಹತ್ತಿರ ಒತ್ತಾಗಿ, ನಡುವೆ ವಿರಳವಾಗಿ. ಮರದ ಕಾಂಡಕ್ಕೆ ಮೇಲಿನಿಂದ ಕೆಳಗೆ ಸೊಟ್ಟ ಸಾಲುಗಳು. ಆ ಇಬ್ಬರ ಮೈಮೇಲೆ ಮಾತ್ರ ಒಂದು ಹೊಲಿಗೆಯೂ ಬೇಡ. ಅವರ ಸುತ್ತ ಅಂಚಿಗೆ ತಾಗಿದಂತೆ ಒಂದು ಸಾಲು ಹಾಕಿ ನಿಲ್ಲಿಸಿ. ಎಲ್ಲ ಕುಳಿತ ಮೇಲೆ ಅವರಿಬ್ಬರೇ ಎದ್ದು ನಿಂತಿರುತ್ತಾರೆ.

ಬರೀ ದಾರದಿಂದ ಎಷ್ಟು ಹೇಳಬಹುದೆಂದು ತಿಳಿಯಬೇಕಾದರೆ ಸಿಸಿಲಿಯಲ್ಲಿ 14ನೇ ಶತಮಾನದ ಕೊನೆಯ ಭಾಗದಲ್ಲಿ ಹೊಲಿದ, ಟ್ರಿಸ್ಟನ್ ಎಂಬ ವೀರನ ಕಥೆ ಹೇಳುವ ಟ್ರಿಸ್ಟನ್ ಕೌದಿಯ ಫೋಟೋ ಹುಡುಕಿ ನೋಡಿ. ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬಣ್ಣ ಬಣ್ಣದ ತುಣುಕುಗಳೇ ಇಲ್ಲ. ನಾರಗಸೆಯ (ಲಿನನ್) ಬಟ್ಟೆಯ ಮೇಲೆ ಹೊಲಿಗೆಯ ಗೆರೆ, ಉಬ್ಬಬೇಕಾದ ಕಡೆ ಒಳಗೆ ತುರುಕಿದ ಹತ್ತಿ, ಅಷ್ಟರಲ್ಲೇ ಹಡಗು, ಕುದುರೆ, ಕಾಳಗ ಎಲ್ಲ ಇವೆ. ಇದೂ ಯಾವುದೋ ಮದುವೆಗೆಂದೇ ಮಾಡಿಸಿದ್ದಿರಬಹುದು ಎಂಬ ಊಹೆಯುಂಟು.

ಹೊಲಿಯುವ ಮುನ್ನ ಮೂರು ಪದರಗಳನ್ನು ನಡುವಿನಿಂದ ಹೊರಕ್ಕೆ, ಒಂದು ಮುಷ್ಟಿಯ ಅಂತರದಲ್ಲಿ, ಕಚ್ಚಾ ಹೊಲಿಗೆಯಿಂದಲೋ ಪಿನ್ನಿನಿಂದಲೋ ಹಿಡಿಸಿ. ವ್ಯಾಡಿಂಗ್ ಮತ್ತು ಹಿಂಬದಿಯ ಬಟ್ಟೆ ಪ್ರತಿ ಬದಿಗೂ ಎರಡು ಅಂಗುಲ ಹೆಚ್ಚಿರಲಿ. ಚಿತ್ರದ ಸುತ್ತಲೂ ಒಂದು ಅಂಗುಲ ಹೆಚ್ಚು ಬಟ್ಟೆ ಬಿಟ್ಟಿರಿ, ಏಕೆಂದರೆ ದಟ್ಟವಾಗಿ ಹೊಲಿದಷ್ಟೂ ಕೌದಿ ಕುಗ್ಗುತ್ತದೆ. ಎಲ್ಲ ಮುಗಿದ ಮೇಲೆ ಅಳೆದು ಚೌಕ ಮಾಡಿ ಕತ್ತರಿಸಿದರಾಯಿತು. ದಾರದ ಗಂಟನ್ನು ಹಿಂಬದಿಯಲ್ಲಿ ಬಿಡಬೇಡಿ, ಮೆಲ್ಲಗೆ ಎಳೆದು ಪದರದೊಳಗೆ ಇಳಿಸಿ.

ತೂಗುಹಾಕಲು ಹಿಂಬದಿಯ ಮೇಲಂಚಿನಲ್ಲಿ ನಾಲ್ಕು ಅಂಗುಲ ಅಗಲದ ಬಟ್ಟೆಯ ಕೊಳವೆ ಹೊಲಿಯಿರಿ. ಸೂಜಿ ಹಿಂಬದಿಯ ಬಟ್ಟೆ ಮತ್ತು ವ್ಯಾಡಿಂಗನ್ನು ಮಾತ್ರ ಹಿಡಿಯಬೇಕು, ಮುಂಬದಿಗೆ ಬರಬಾರದು. ಕೊಳವೆ ಸ್ವಲ್ಪ ಸಡಿಲವಿದ್ದರೆ ಕೋಲಿನ ದಪ್ಪ ಮುಂದೆ ಉಬ್ಬಿ ಕಾಣುವುದಿಲ್ಲ. ಮೂಲೆಗಳಿಗೆ ಉಂಗುರ ಹೊಲಿಯುವವರಿದ್ದಾರೆ. ಕೆಲವೇ ತಿಂಗಳಲ್ಲಿ ನಡು ಜೋತುಬೀಳುತ್ತದೆ.

ಸಮಯದ ಹಂಚಿಕೆ: ಚಿತ್ರ ಮತ್ತು ಬಟ್ಟೆಗೆ ಒಂದು ತಿಂಗಳು, ಕೂರಿಸಲು ಆರು ವಾರ, ಕೌದಿ ಹೊಲಿಗೆಗೆ ಮೂರು ವಾರ, ಅಂಚನ್ನು ಮುಚ್ಚಿ ಹೊಲಿಯುವ ಅಂಚುಪಟ್ಟಿ ಮತ್ತು ಕೊಳವೆಗೆ ಒಂದು ವಾರ. ಕೊನೆಯ ಎರಡು ವಾರಗಳನ್ನು ಖಾಲಿ ಬಿಡಿ. ಮದುವೆಮನೆಯಲ್ಲಿ ಸೋದರತ್ತೆಗೆ ಬೇರೆ ಕೆಲಸಗಳೂ ಇರುತ್ತವೆ.

ಪ್ರಶ್ನೆ: ಹೊಲಿಗೆ ಯಂತ್ರದಲ್ಲಿ ಹೊಲಿದರೆ ಅದನ್ನು ಕೈಕೆಲಸ ಎನ್ನಬಹುದೇ? ನಮ್ಮ ಅತ್ತೆ ಒಪ್ಪುವುದಿಲ್ಲ.

ಉತ್ತರ: ಧಾರಾಳವಾಗಿ ಎನ್ನಬಹುದು. ಬಟ್ಟೆ ತಳ್ಳುವ ಹಲ್ಲುಗಳನ್ನು ಇಳಿಸಿ, ಮೂರು ಪದರಗಳನ್ನು ಎರಡೂ ಕೈಯಲ್ಲಿ ಓಡಿಸುತ್ತಾ ಒಂದು ಎಲೆ ಬಿಡಿಸಿ ತೋರಿಸಲು ನಿಮ್ಮ ಅತ್ತೆಯವರನ್ನು ವಿನಯದಿಂದ ಕೇಳಿಕೊಳ್ಳಿ.

ಪ್ರಶ್ನೆ: ಗೆಳೆಯನ ಮದುವೆಗೆ ಆರು ವಾರ ಉಳಿದಿದೆ. ನನಗೆ ಗುಂಡಿ ಹೊಲಿಯಲು ಬರುತ್ತದೆ, ಅಷ್ಟೇ. ಆದರೂ ಕೈಯಾರೆ ಏನಾದರೂ ಮಾಡಿಕೊಡಬೇಕೆಂಬ ಹಟ. ಅವನಿಗೂ ಅವಳಿಗೂ ಸೇರಿ ಒಂದು ಬೆಕ್ಕಿದೆ. ಗಂಡಸರು ಕೇಳಬಾರದ ಪ್ರಶ್ನೆಯಾಗಿದ್ದರೆ ಕ್ಷಮಿಸಿ.

ಉತ್ತರ: ಕ್ಷಮೆ ಕೇಳಬೇಕಾದದ್ದು ಆ ಕೊನೆಯ ವಾಕ್ಯಕ್ಕೆ ಮಾತ್ರ. ಬೆಕ್ಕಿದೆಯಲ್ಲ, ಚಿತ್ರದ ಚಿಂತೆಯೇ ಇಲ್ಲ. ಒಂದು ಅಡಿ ಚೌಕದ ಬಟ್ಟೆ, ಅದರ ಮೇಲೆ ಕಿಟಕಿಯ ಚೌಕಟ್ಟು, ಅದರಲ್ಲಿ ಬೆನ್ನು ತಿರುಗಿಸಿ ಕುಳಿತ ಬೆಕ್ಕು, ಹೊರಗೆ ಚಂದ್ರ. ಮೂರೇ ಆಕೃತಿಗಳು. ಉಣ್ಣೆಯ ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿ. ಅದರ ಎಳೆ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅಂಚು ಮಡಚುವ ತಲೆನೋವಿಲ್ಲ. ಕಸೂತಿ ದಾರದಿಂದ ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ ಸಾಕು. ಹೊಲಿಗೆ ಸಣ್ಣದಾಗಿರಲಿ ಎಂದು ಒದ್ದಾಡಬೇಡಿ, ಎಲ್ಲವೂ ಒಂದೇ ಉದ್ದ ಇರುವಂತೆ ನೋಡಿಕೊಳ್ಳಿ. ದೂರಕ್ಕೆ ಕಾಣುವುದು ಅದೇ.

ಅಂಚುಪಟ್ಟಿ ನಿಮಗೆ ಬೇಡ. ಬೆಕ್ಕನ್ನು ಕೂರಿಸಿದ ಮೇಲೆ ವ್ಯಾಡಿಂಗನ್ನು ಕೆಳಗಿಟ್ಟು, ಅದರ ಮೇಲೆ ಚಿತ್ರ ಮುಖ ಮೇಲಾಗಿ, ಅದರ ಮೇಲೆ ಹಿಂಬದಿಯ ಬಟ್ಟೆ ಮುಖ ಕೆಳಗಾಗಿ ಇಟ್ಟು ಸುತ್ತ ಹೊಲಿಯಿರಿ. ಕೆಳಗಡೆ ಒಂದು ಗೇಣು ಬಿಟ್ಟು, ದಿಂಬಿನ ಚೀಲದಂತೆ ಒಳಹೊರಗು ಮಾಡಿ, ಬಿಟ್ಟ ಬಾಯಿಯನ್ನು ಮುಚ್ಚಿ. ಆಮೇಲೆ ಬೆಕ್ಕಿನ ಸುತ್ತ ಒಂದು ಸಾಲು, ಚಂದ್ರನ ಸುತ್ತ ಬಳೆಬಳೆಯಾಗಿ ನಾಲ್ಕು ಸಾಲು ಹಾಕಿ. ಬೆಕ್ಕಿಗೆ ಮೀಸೆ ಬೇಡ, ಬೆನ್ನು ತಿರುಗಿಸಿದೆ.

ಪ್ರಶ್ನೆ: ಅಕ್ಕನ ಮಗನ ಮದುವೆಗೆ ಹೊಲಿದ ಕೌದಿ ಪೂರ್ತಿಯಾಗಿದೆ. ಗೋಡೆಗೆ ಹಾಕಿ ನೋಡಿದರೆ ನಾಲ್ಕೂ ಅಂಚು ಅಲೆ ಅಲೆಯಾಗಿ ಏಳುತ್ತದೆ. ಮದುವೆ ಹತ್ತು ದಿನಕ್ಕಿದೆ. ಬಿಚ್ಚಬೇಕೇ?

ಉತ್ತರ: ಬಿಚ್ಚುವ ಮೊದಲು ನೀರು ಪ್ರಯತ್ನಿಸಿ. ಬಣ್ಣ ಇಳಿಯದ ಬಟ್ಟೆಗಳಾಗಿದ್ದರೆ ಕೌದಿಯನ್ನು ತಣ್ಣೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಪಿನ್ನು ಚುಚ್ಚಬಹುದಾದ ಸಮತಟ್ಟಾದ ಹಾಸಿನ ಮೇಲೆ ಹರಡಿ. ಅಳತೆಪಟ್ಟಿ ಹಿಡಿದು ಎದುರುಬದುರಿನ ಬದಿಗಳು ಸಮವಾಗುವವರೆಗೆ, ಎರಡು ಕರ್ಣಗಳೂ ಒಂದೇ ಅಳತೆಗೆ ಬರುವವರೆಗೆ ಅಂಚನ್ನು ಒಳಕ್ಕೆ ತಟ್ಟುತ್ತಾ ಎರಡು ಅಂಗುಲಕ್ಕೊಂದು ಪಿನ್ನು ಚುಚ್ಚಿ. ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಸಣ್ಣಪುಟ್ಟ ಅಲೆ ಇದರಲ್ಲೇ ಹೋಗುತ್ತದೆ.

ಹೋಗದಿದ್ದರೆ ಕಾರಣ ಎರಡರಲ್ಲಿ ಒಂದು. ನಡುವೆ ದಟ್ಟವಾಗಿ ಹೊಲಿದು ಅಂಚಿನ ಭಾಗವನ್ನು ಹಾಗೆಯೇ ಬಿಟ್ಟಿದ್ದೀರಿ: ನಡು ಕುಗ್ಗಿತು, ಅಂಚು ಕುಗ್ಗಲಿಲ್ಲ. ಆಗ ಅಂಚಿನ ಭಾಗಕ್ಕೂ ನಾಲ್ಕು ಸಾಲು ಹೊಲಿಗೆ ಹಾಕಿ, ಬಿಚ್ಚುವಂಥದ್ದೇನಿಲ್ಲ. ಇಲ್ಲವೇ, ಹೊರಗಿನ ಪಟ್ಟಿಯನ್ನು ಅಳೆಯದೆ ಉದ್ದಕ್ಕೆ ಹೊಲಿಯುತ್ತಾ ಹೋಗಿ ಉಳಿದದ್ದನ್ನು ಕತ್ತರಿಸಿದ್ದೀರಿ. ಆ ಪಟ್ಟಿಯ ಉದ್ದವನ್ನು ಯಾವಾಗಲೂ ಕೌದಿಯ ನಡುವಿನಲ್ಲಿ ಅಳೆದು ತೆಗೆದುಕೊಳ್ಳಬೇಕು, ಅಂಚಿನಲ್ಲಲ್ಲ. ಅಂಚು ಆಗಲೇ ಎಳೆದುಕೊಂಡಿರುತ್ತದೆ. ಇದನ್ನು ಸರಿಪಡಿಸಲು ಬಿಚ್ಚಲೇಬೇಕು, ಮತ್ತು ಹತ್ತು ದಿನದಲ್ಲಿ ಆಗುವ ಕೆಲಸ ಅದು.

ಪ್ರಶ್ನೆ: ಅಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ತಂಗಿಯ ಮದುವೆಗೆ ಅಮ್ಮನ ರೇಷ್ಮೆ ಸೀರೆಯ ಬಟ್ಟೆಯಿಂದ ನಮ್ಮ ಹಳೆಯ ಮನೆಯ ಚಿತ್ರದ ಕೌದಿ ಮಾಡಬೇಕೆಂದಿದ್ದೇನೆ. ಕತ್ತರಿ ಹಿಡಿದರೆ ಕೈ ಏಳುವುದಿಲ್ಲ. ರೇಷ್ಮೆ ಇದಕ್ಕೆ ತಡೆಯುತ್ತದೆಯೇ?

ಉತ್ತರ: ಕೈ ಏಳದಿರುವುದು ಒಳ್ಳೆಯ ಲಕ್ಷಣ. ಕತ್ತರಿಸುವ ಮೊದಲು ತಂಗಿಯನ್ನು ಕೇಳಿ. ಉಡುಗೊರೆಯ ಗುಟ್ಟು ಒಡೆದರೆ ಒಡೆಯಲಿ. ಆ ಸೀರೆಯನ್ನು ಇಡಿಯಾಗಿ ಉಡಬೇಕೆಂದು ಅವಳ ಮನಸ್ಸಿನಲ್ಲಿದ್ದರೆ, ಎಷ್ಟು ಚೆಂದದ ಕೌದಿಯೂ ಆ ಲೆಕ್ಕವನ್ನು ತೀರಿಸುವುದಿಲ್ಲ. ಬೇರೆ ಅಕ್ಕತಮ್ಮಂದಿರಿದ್ದರೆ ಅವರನ್ನೂ ಕೇಳಿ.

ಒಪ್ಪಿದರು ಎಂದಿಟ್ಟುಕೊಳ್ಳೋಣ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಗುಂಟ ಸಣ್ಣ ಸೀಳುಗಳು ಕಂಡರೆ ಆ ಭಾಗ ಕೆಲಸಕ್ಕೆ ಬಾರದು. ರೇಷ್ಮೆ ಒಮ್ಮೆ ಮಡಿಕೆಯಲ್ಲಿ ಸೀಳತೊಡಗಿದರೆ ಸೂಜಿಯ ತೂತುಗಳು ಅದನ್ನು ಇನ್ನಷ್ಟು ಬೇಗ ಹರಿಸುತ್ತವೆ. ಗಟ್ಟಿಯಿರುವ ಭಾಗದ ಹಿಂದೆ ಒಂದು ಬದಿ ಅಂಟುವ ತೆಳು ಫ್ಯೂಸಿಂಗ್ ಹಚ್ಚಿ ಆಮೇಲೆ ಕತ್ತರಿಸಿ, ಎಳೆ ಬಿಚ್ಚುವುದಿಲ್ಲ, ಜಾರುವುದಿಲ್ಲ. ಇಸ್ತ್ರಿ ಹದವಾದ ಬಿಸಿಯಲ್ಲಿರಲಿ, ನಡುವೆ ಒಂದು ಹತ್ತಿ ಬಟ್ಟೆ ಇರಲಿ, ಜರಿಯಿರುವ ಕಡೆಯಂತೂ ಇದು ಕಡ್ಡಾಯ. ಗುಂಡುಸೂಜಿಯ ತೂತು ರೇಷ್ಮೆಯಲ್ಲಿ ಉಳಿಯುತ್ತದೆ, ಹಾಗಾಗಿ ಅಂಚಿನ ಮಡಿಕೆಯೊಳಗೆ ಮಾತ್ರ ಚುಚ್ಚಿ.

ಸೀರೆಯನ್ನೆಲ್ಲ ಕತ್ತರಿಸಬೇಕಾಗಿಲ್ಲ. ಗೋಡೆ, ಮಾಡು, ಅಂಗಳ ಎಲ್ಲ ಹತ್ತಿಯಲ್ಲಿರಲಿ. ರೇಷ್ಮೆ ಬಾಗಿಲಿಗೆ ಮಾತ್ರ, ಅಥವಾ ಬೆಳಕಿರುವ ಒಂದು ಕಿಟಕಿಗೆ. ಇಡೀ ಚಿತ್ರ ಮಿನುಗಿದರೆ ಕಣ್ಣಿಗೆ ನಿಲ್ಲುವ ಜಾಗವಿಲ್ಲ. ಒಂದೇ ಕಡೆ ಮಿನುಗಿದರೆ ತಂಗಿಯ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಸೀರೆಯ ಒಳಸೆರಗಿನ ಒಂದು ಮೊಳದಲ್ಲಿ ಇದಾಗುತ್ತದೆ.

ಪ್ರಶ್ನೆ: ಕಳೆದ ವರ್ಷ ಒಂದು ಜೋಡಿಗೆ ತಿಂಗಳುಗಟ್ಟಲೆ ಕುಳಿತು ಹೊಲಿದ ಕೌದಿ ಕೊಟ್ಟೆ. ಮೊನ್ನೆ ಅವರ ಮನೆಗೆ ಹೋದರೆ ಅದು ಗೋಡೆಯ ಮೇಲಿಲ್ಲ, ಬೀರುವಿನಲ್ಲಿ ಮಡಚಿಟ್ಟಿದೆ. "ಹಾಳಾಗಬಾರದೆಂದು ಇಟ್ಟಿದ್ದೇವೆ" ಎಂದರು. ಮನಸ್ಸಿಗೆ ಹಿಡಿಸಲಿಲ್ಲ. ಕೇಳಿ ವಾಪಸು ತರಲೇ?

ಉತ್ತರ: ತರಬೇಡಿ. ಅವರ ಮಾತನ್ನು ಇದ್ದದ್ದಿದ್ದಂತೆ ನಂಬಿ, ಏಕೆಂದರೆ ಹೆಚ್ಚಿನವರು ಕೈಕೆಲಸದ ವಸ್ತುವಿಗೆ ನಿಜವಾಗಿಯೂ ಹೆದರುತ್ತಾರೆ. ಧೂಳು ಬಿದ್ದರೇನು ಗತಿ, ಒಗೆಯಬಹುದೇ, ಮೊಳೆ ಎಲ್ಲಿ ಹೊಡೆಯಬೇಕು, ಯಾರೂ ಹೇಳಿಕೊಟ್ಟಿರುವುದಿಲ್ಲ. ಕೋಲನ್ನೂ ಕೊಕ್ಕೆಯನ್ನೂ ಜೊತೆಗೇ ಕೊಟ್ಟಿದ್ದಿರೇ? ಇಲ್ಲವಾದರೆ ಮುಂದಿನ ಸಲ ಹೋಗುವಾಗ ತೆಗೆದುಕೊಂಡು ಹೋಗಿ, ಅವರು ಹೂಂ ಎಂದರೆ ನೀವೇ ಹಾಕಿಕೊಡಿ. ಕೊಳವೆಯ ಎರಡೂ ತುದಿಯಿಂದ ಸ್ವಲ್ಪವೇ ಹೊರಬರುವಷ್ಟು, ಕೌದಿಯ ಅಗಲಕ್ಕಿಂತ ಎರಡು ಅಂಗುಲ ಚಿಕ್ಕದಾದ ಕೋಲಿದ್ದರೆ ಕೊಕ್ಕೆಗಳು ಮರೆಯಾಗುತ್ತವೆ. ನೇರ ಬಿಸಿಲು ಬೀಳದ ಗೋಡೆ ನೋಡಿ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕು ಸಾಕೆನ್ನುತ್ತವೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ಕಿಟಕಿಯ ಎದುರುಗೋಡೆ ತಪ್ಪಿಸಿದರೆ ಸಾಕು. ಧೂಳಿಗೆ ತಿಂಗಳಿಗೊಮ್ಮೆ ಇಳಿಸಿ ಕೊಡವುವುದು ಸಾಕು.

ಆಗಲೂ ಅವರು ಬೀರುವೇ ಸರಿ ಎಂದರೆ ವಾದ ಬೇಡ, ಕೊಟ್ಟಾಗಿದೆ. ಮಡಚಿ ಇಡುವುದನ್ನು ಮಾತ್ರ ತಪ್ಪಿಸಿ. ರಟ್ಟಿನ ಉದ್ದ ಕೊಳವೆಗೆ ಒಗೆದ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಕೌದಿಯನ್ನು ಚಿತ್ರದ ಬದಿ ಹೊರಗೆ ಬರುವಂತೆ ಸುರುಳಿ ಮಾಡಲು ಹೇಳಿ. ಹಾಗೆ ಮಾಡಿದರೆ ಸುಕ್ಕು ಬೀಳುವುದು ಹಿಂಬದಿಗೆ. ಮೇಲೊಂದು ಹಳೆಯ ದಿಂಬಿನ ಚೀಲ ತೊಡಿಸಲಿ, ಪ್ಲಾಸ್ಟಿಕ್ ಚೀಲ ಬೇಡ. ಅದರಲ್ಲಿ ತೇವ ಕಟ್ಟುತ್ತದೆ.